ಮೊಳೆಗೆ ತೂಗಿದ ಬಿಲ್ಲೆಗಳು

ಪಂಪುಮನೆಯ ಗೋಡೆಗೆ ಸಾಲಾಗಿ ಮೊಳೆ ಹೊಡೆದಿತ್ತು. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಮೊಳೆ. ಬೆಳಿಗ್ಗೆ ಮೋರಿಗೆ ಇಳಿಯುವ ಮೊದಲು ಕೊರಳಿನ ಬಿಲ್ಲೆ ತೆಗೆದು ಅದಕ್ಕೆ ನೇತುಹಾಕುವುದು, ಸಂಜೆ ಮಿಂದು ಬಟ್ಟೆ ಬದಲಿಸಿ ಮತ್ತೆ ಕೊರಳಿಗೆ ಹಾಕಿಕೊಳ್ಳುವುದು. ಕಲ್ಲಿನ ದಪ್ಪ ಗೋಡೆ ಅದು. ಬಿಲ್ಲೆಗಳು ದಿನವಿಡೀ ಅಲ್ಲಿ ತಣ್ಣಗೆ ತೂಗಾಡುತ್ತಿದ್ದವು. ಹೆಂಗಸರು ದಿನವಿಡೀ ಮೊಣಕಾಲುದ್ದ ಕೆಸರಿನಲ್ಲಿ ನಿಂತಿರುತ್ತಿದ್ದರು.

ಬಿಲ್ಲೆಯೆಂದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಹಾಕಿಕೊಂಡವರ ಮೈಗೆ ಎಷ್ಟು ವಿಕಿರಣ ತಾಗಿತೆಂದು ಎಣಿಸುವುದು ಅದರ ಕೆಲಸ. ಕೊರಳಲ್ಲಿದ್ದರೆ ಕೊರಳಿಗೆ ತಾಗಿದ್ದನ್ನು ಎಣಿಸುತ್ತದೆ. ಗೋಡೆಯ ಮೇಲಿದ್ದರೆ ಗೋಡೆಗೆ ತಾಗಿದ್ದನ್ನು. ಪಾಪ, ಹೆಂಗಸು ಯಾವುದು, ಗೋಡೆ ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ಅದನ್ನು ಕೊಟ್ಟವರೂ ತಿಳಿಯಲು ಹೋಗಿರಲಿಲ್ಲ.

ಬಾಗಿಲ ಪಕ್ಕದ ಮೊಳೆ ಮೋರಿಯಕ್ಕನದು. ಆ ಹೆಸರು ಅವಳಿಗೆ ಅಂಟಿಕೊಂಡದ್ದು ಬಹಳ ಹಿಂದೆ. ಊರಿನ ಮೋರಿ ಬಳಿಯುವುದು ಅವಳ ಕೆಲಸ. ಅವಳ ತಾಯಿಯದೂ ಅದೇ ಕೆಲಸ. ಮೋರಿ ಕಟ್ಟಿಕೊಂಡರೆ ಊರಿಗೆ ಅವಳು ಬೇಕು. ಹರಿಯುತ್ತಿದ್ದರೆ ಅವಳನ್ನು ಕಂಡು ಮೂಗು ಮುಚ್ಚಿಕೊಳ್ಳಬೇಕು. ಹೀಗಿರುವಾಗ ಒಂದು ದಿನ ಗುಡ್ಡದಾಚೆಯ ಅಣು ಸ್ಥಾವರ ಒಡೆಯಿತು. ಊರಿಗೆ ಊರೇ ಉಟ್ಟ ಬಟ್ಟೆಯಲ್ಲಿ ಬಸ್ಸು ಹತ್ತಿತು. ಅವತ್ತು ದೊಡ್ಡ ಮನೆಯವರು ಮೊದಲ ಸಲ ಮೋರಿಯಕ್ಕನ ಪಕ್ಕದಲ್ಲಿ ಕೂತರು. ಬೇರೆ ಜಾಗವಿರಲಿಲ್ಲ.

ಒಂದು ವರ್ಷ ಕಳೆದ ಮೇಲೆ ಊರನ್ನು ತೊಳೆಯಬೇಕೆಂದು ತೀರ್ಮಾನವಾಯಿತು. ತೊಳೆಯುವವರು ಯಾರು ಎಂಬುದಕ್ಕೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೊದಲು ತೊಳೆಯುತ್ತಿದ್ದವರೇ ಇದ್ದರಲ್ಲ.

ತೊಳೆಯುವುದೆಂದರೆ ಮೇಲುಮಣ್ಣು ಕೆರೆಯುವುದು. ಕೆರೆದದ್ದನ್ನು ಕಪ್ಪು ಚೀಲಕ್ಕೆ ತುಂಬಿ ಹೊರುವುದು. ಛಾವಣಿ ಹತ್ತಿ ಉಜ್ಜುವುದು. ಮೋರಿಯ ಹೂಳು ಎತ್ತುವುದು. ಬಾಯಿಗೆ ಕಟ್ಟಿದ ಬಟ್ಟೆ ಬೆವರಿಗೆ ನೆನೆದು ಮೂಗಿಗೆ ಅಂಟಿ ಉಸಿರು ಕಟ್ಟುತ್ತಿತ್ತು. ರಬ್ಬರ್ ಗವಸು ಹರಿದರೆ ಹೊಸದು ಬರುವವರೆಗೆ ಹರಿದದ್ದರಲ್ಲೇ. ಸೊಂಟ ಸೆಟೆದುಕೊಂಡು ಸಂಜೆ ನೆಟ್ಟಗೆ ನಿಲ್ಲಲು ಗೋಡೆ ಹಿಡಿಯಬೇಕು. ಇಷ್ಟೆಲ್ಲ ಮಾಡಿ ಒಂದು ಬೀದಿ ಮುಗಿಯಿತು ಎನ್ನುವಾಗ ಮಳೆ ಬರುತ್ತಿತ್ತು. ಗುಡ್ಡದ ಮಣ್ಣು ಇಳಿದು ಮೋರಿ ತುಂಬುತ್ತಿತ್ತು. ಗುಡ್ಡವನ್ನು ತೊಳೆಯಲು ಯಾರಿಂದಲೂ ಆಗುವುದಿಲ್ಲ. ಮತ್ತೆ ಮೊದಲಿನಿಂದ ಎತ್ತಬೇಕು.

ಬಿಲ್ಲೆಗೊಂದು ನಿಯಮವಿತ್ತು. ಅದರ ಲೆಕ್ಕ ಗೆರೆ ದಾಟಿತೋ, ಅಂಥವರಿಗೆ ಕೆಲಸ ಬಂದ್. ನಿಮ್ಮ ಆರೋಗ್ಯದ ದೃಷ್ಟಿಯಿಂದ ಎಂದರು. ಹೊಟ್ಟೆಯ ದೃಷ್ಟಿಯಿಂದ ಏನು ಮಾಡಬೇಕೆಂದು ಹೇಳಲಿಲ್ಲ. ಮೋರಿಯಕ್ಕನ ಅಳಿಯ ಹೇಳಿದಂತೆ ಕೇಳುವ ಮನುಷ್ಯ. ಬಿಲ್ಲೆಯನ್ನು ಅಂಗಿಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಿಕೊಂಡು ದುಡಿದ. ಮಳೆಗಾಲ ಮುಗಿಯುವುದರೊಳಗೆ ಅವನ ಲೆಕ್ಕ ಮುಗಿಯಿತು. ನಾಳೆಯಿಂದ ಬರಬೇಡ ಎಂದರು. ಈಗ ಅವನು ದೂರದ ಬಂದರಿನಲ್ಲಿ ಮೂಟೆ ಹೊರುತ್ತಾನೆ. ಹೆಂಡತಿಯ ಮುಖ ಕಾಣುವುದು ಅಪರೂಪ.

ಅದನ್ನು ನೋಡಿ ಹೆಂಗಸರು ಪಾಠ ಕಲಿತರು. ಮೊಳೆ ತಂದುಕೊಟ್ಟವನು ಮೇಸ್ತ್ರಿ. ಪಳಗಿದ ಕೈಗಳು ಹೋದರೆ ಅವನಿಗೂ ಕಷ್ಟ.

"ನಾನು ಹೇಳ್ದೆ ಅಂತ ಎಲ್ಲೂ ಬಾಯಿ ಬಿಡಬೇಡಿ," ಎಂದು ಸುತ್ತಿಗೆಯನ್ನೂ ಅವನೇ ಕೊಟ್ಟ.

ಯಾರೂ ಬಾಯಿ ಬಿಡಲಿಲ್ಲ. ಎರಡು ವರ್ಷ ಒಂದೇ ಒಂದು ಬಿಲ್ಲೆಯೂ ಗೆರೆ ದಾಟಲಿಲ್ಲ.

*

ಊರು ಬಿಟ್ಟವರನ್ನು ದೂರದ ಪಟ್ಟಣದ ಹೊರಗೆ ತಗಡಿನ ಕೋಣೆಗಳಲ್ಲಿ ಇಟ್ಟಿದ್ದರು. ಶಿಬಿರ ಎಂದು ಹೆಸರು. ಬೇಸಿಗೆಯಲ್ಲಿ ಬಾಣಲೆ, ಚಳಿಯಲ್ಲಿ ಮಂಜುಗಡ್ಡೆ. ಪಕ್ಕದ ಕೋಣೆಯವರು ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ಕೇಳುತ್ತಿತ್ತು. ಮೋರಿಯಕ್ಕ ಅಲ್ಲಿಂದಲೇ ದಿನಾ ಕೆಲಸದ ಲಾರಿ ಹತ್ತಿ ಹಳೆಯ ಊರಿಗೆ ಹೋಗಿ ಬರುತ್ತಿದ್ದಳು. ಸಂಜೆ ಊರಿನಿಂದ ಹೊರಡುವ ಮೊದಲು ಪಂಪುಮನೆಯ ಹಿಂದೆ ತಲೆಯಿಂದ ಕಾಲಿನವರೆಗೆ ಉಜ್ಜಿ ಉಜ್ಜಿ ಮೀಯುತ್ತಿದ್ದಳು. ಕೆಲಸದ ಬಟ್ಟೆ ಅಲ್ಲೇ ಬಿಟ್ಟು ಬರುತ್ತಿದ್ದಳು. ಹಾಗಾಗಿ ಈ ಎರಡು ವರ್ಷದಲ್ಲಿ ಮಗಳು ತಾಯಿಯ ಕೆಲಸದ ಬಟ್ಟೆಯನ್ನಾಗಲಿ ಕೆಸರನ್ನಾಗಲಿ ಕಣ್ಣಲ್ಲಿ ಕಂಡವಳಲ್ಲ.

ಮಗಳಿಗೆ ಈಗ ಏಳು ತಿಂಗಳು. ಮದುವೆಯಾಗಿ ಎಷ್ಟೋ ಕಾಲಕ್ಕೆ ನಿಂತ ಬಸಿರು.

ಪಟ್ಟಣದವರು ಶಿಬಿರದವರನ್ನು ಧೂಳಿನವರು ಎನ್ನುತ್ತಿದ್ದರು. ಊರಿನ ದೊಡ್ಡ ಮನೆಯವರಿಗೂ ಈಗ ಅದೇ ಹೆಸರು. ಅವರಿಗೆ ಅದು ಹೊಸದು, ಮೋರಿಯಕ್ಕನಿಗೆ ಹಳೆಯದು. ಆದರೆ ಮಗಳಿಗೆ ಆದದ್ದನ್ನು ಅವಳಿಗೆ ನುಂಗಿಕೊಳ್ಳಲಾಗಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಮಗಳು ಕೂತಳು. ಪಕ್ಕದ ಬಸುರಿ ಅವಳ ಚೀಟಿಯ ಮೇಲಿನ ಶಿಬಿರದ ವಿಳಾಸ ಓದಿದಳು. ಎದ್ದು ಹೋಗಿ ಗೋಡೆಗೆ ಒರಗಿ ನಿಂತಳು. ಅವಳ ನಂತರ ಅವಳ ಪಕ್ಕದವಳು ಎದ್ದಳು. ಕೊನೆಗೆ ಉದ್ದನೆಯ ಬೆಂಚಿನಲ್ಲಿ ಮಗಳೊಬ್ಬಳೇ ಉಳಿದಳು. ಎಂಟೊಂಬತ್ತು ತಿಂಗಳ ಬಸುರಿಯರು ನಿಂತುಕೊಂಡೇ ಕಾಯುತ್ತಿದ್ದರು.

"ಅಮ್ಮಾ, ನನ್ನ ಮಗು ಇಲ್ಲಿ ಹುಟ್ಟಬಾರದು," ಅವತ್ತು ಮಗಳು ಅಳಲಿಲ್ಲ, ಕಟುವಾಗಿ ಹೇಳಿದಳು. "ನಮ್ಮನೇಲಿ ಹುಟ್ಟಬೇಕು. ಅಲ್ಲಿ ನನ್ನ ಪಕ್ಕದಿಂದ ಯಾರೂ ಎದ್ದು ಹೋಗಲ್ಲ."

ಮನೆ ಇದ್ದದ್ದು ಗುಡ್ಡದ ಬುಡದಲ್ಲಿ. ಗುಡ್ಡದಿಂದ ಇಳಿಯುವ ಮೋರಿ ಹಿತ್ತಿಲಿಗೆ ತಾಗಿಕೊಂಡೇ ಹರಿಯುತ್ತಿತ್ತು. ಮೋರಿ ಬಳಿಯುವವರಿಗೆ ಊರು ಬೇರೆಲ್ಲಿ ಜಾಗ ಕೊಟ್ಟೀತು?

*

ಶಿಬಿರದ ಅಂಗಳದಲ್ಲಿ ಸಭೆ ಸೇರಿತು. ಮಾತಾಡಲು ಬಂದವನು ಅಳತೆ ಡಾಕ್ಟರು. ಬಿಲ್ಲೆಗಳ ಲೆಕ್ಕ ನೋಡುವವನು ಅವನೇ, ಅದಕ್ಕೇ ಆ ಹೆಸರು. ಒಳ್ಳೆಯ ಮಾತುಗಾರ, ಮುಖದಲ್ಲಿ ನಗು ಮಾಸುತ್ತಿರಲಿಲ್ಲ.

"ಊರು ಚೊಕ್ಕಟವಾಗಿದೆ. ತಿಂಗಳ ಕೊನೆಗೆ ಶಿಬಿರ ಮುಚ್ಚುತ್ತೆ. ಎಲ್ಲರೂ ಅವರವರ ಮನೆಗೆ ಹೋಗಬಹುದು," ಎಂದ.

ಹಿಂದಿನಿಂದ ಯಾರೋ ಕೂಗಿದರು. "ನೀವು ಹೇಳಿದ್ದನ್ನ ಹೇಗೆ ನಂಬೋದು?"

"ನನ್ನನ್ನ ನಂಬಬೇಡಿ," ಡಾಕ್ಟರು ಇದಕ್ಕೇ ಕಾಯುತ್ತಿದ್ದವನಂತೆ ನಕ್ಕ. "ನಿಮ್ಮವರನ್ನೇ ನಂಬಿ. ನಿಮ್ಮ ಹೆಂಗಸರು ಎರಡು ವರ್ಷದಿಂದ ಅಲ್ಲೇ, ಆ ಮಣ್ಣಲ್ಲೇ, ಆ ಮೋರೀಲೇ ಕೆಲಸ ಮಾಡ್ತಿದಾರೆ. ಎಲ್ಲರ ಕೊರಳಲ್ಲೂ ಬಿಲ್ಲೆ ಇದೆ. ಒಂದೇ ಒಂದು ಬಿಲ್ಲೆ ಗೆರೆ ದಾಟಿಲ್ಲ. ಗೆರೆಯ ಹತ್ತಿರಕ್ಕೂ ಹೋಗಿಲ್ಲ. ಮೋರಿ ಒಳಗೆ ನಿಂತವರಿಗೇ ಇಷ್ಟು ಕಡಿಮೆ ಅಂದ್ರೆ, ಮನೇಲಿ ಇರೋವರಿಗೆ ಏನಾಗುತ್ತೆ? ನೀವೇ ಹೇಳಿ."

ಸಭೆ ತಲೆದೂಗಿತು. ಕೆಲವರು ಚಪ್ಪಾಳೆ ತಟ್ಟಿದರು. ಎಲ್ಲರ ಕಣ್ಣೂ ಮೋರಿಯಕ್ಕನ ಗುಂಪಿನ ಕಡೆ ತಿರುಗಿತು. ಜೀವಮಾನದಲ್ಲಿ ಮೊದಲ ಸಲ ಊರು ಅವಳನ್ನು ಮೆಚ್ಚುಗೆಯಿಂದ ನೋಡುತ್ತಿತ್ತು. ಮಗಳು ಹೆಮ್ಮೆಯಿಂದ ಅವಳ ಕೈ ಅದುಮಿದಳು.

ಮೋರಿಯಕ್ಕ ಮಗಳ ಹೊಟ್ಟೆಯ ಕಡೆ ನೋಡಿದಳು. ಹೊಟ್ಟೆಪಾಡಿಗೆಂದು ಹೊಡೆದ ಮೊಳೆ ಮಗಳ ಹೊಟ್ಟೆಗೇ ಬಂದು ನಾಟಿತ್ತು.

ಸಭೆ ಮುಗಿದ ಮೇಲೆ ಅವಳು ಡಾಕ್ಟರ ಜೀಪಿನ ಹಿಂದೆ ಓಡಿದಳು. ಡಾಕ್ಟರು ಗಾಜು ಅರ್ಧ ಇಳಿಸಿದ.

"ಸ್ವಾಮಿ, ನನ್ನ ಬಿಲ್ಲೆ ನನ್ನ ಮೈಮೇಲೆ ಇರಲಿಲ್ಲ. ಪಂಪುಮನೆ ಗೋಡೆ ಮೇಲಿತ್ತು."

ನಗು ಹೋಗಲಿಲ್ಲ, ಆದರೆ ಅಲ್ಲೇ ಗಟ್ಟಿಯಾಯಿತು. "ಹಾಗಾದ್ರೆ ನೀವು ನಿಯಮ ಮುರಿದ್ರಿ."

"ಮುರಿದೆ. ಕೆಲಸ ಹೋಗ್ತಿತ್ತು."

"ಇನ್ಯಾರಾದ್ರೂ ಹೀಗೆ ಮಾಡಿದಾರಾ?"

ಮೋರಿಯಕ್ಕನ ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ಬೇರೆಯವರ ಅನ್ನ ಕಸಿಯಲು ಅವಳು ಯಾರು? ತಲೆ ತಗ್ಗಿಸಿದಳು.

"ಸರಿ, ನಿಮ್ಮ ಒಂದು ಬಿಲ್ಲೆ ಬಿಟ್ಟುಬಿಡೋಣ," ಡಾಕ್ಟರು ಹಗುರವಾದ. "ಉಳಿದವರದ್ದು ಇದೆಯಲ್ಲ. ಒಬ್ಬರದ್ದು ತೆಗೆದ್ರೆ ಲೆಕ್ಕ ಕದಲಲ್ಲ. ನೋಡಮ್ಮ, ನೀವು ಹೇಳಿದ್ದನ್ನ ನಾನು ಕೇಳಿಸಿಕೊಂಡಿಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಗಾಜು ಮೇಲಕ್ಕೆ ಏರಿತು. ಬಡವರ ಒಳ್ಳೆಯದನ್ನು ನೋಡಿಕೊಳ್ಳುವವರು ಎಷ್ಟೊಂದು ಜನ!

*

ಮರುದಿನ ಊಟದ ಹೊತ್ತಿಗೆ ಪಂಪುಮನೆಯಲ್ಲಿ ಮಾತು ಹತ್ತಿಕೊಂಡಿತು. ತೂಗುವ ಬಿಲ್ಲೆಗಳ ಕೆಳಗೇ ಹೆಂಗಸರು ಬುತ್ತಿ ಬಿಚ್ಚಿದ್ದರು.

"ಎಲ್ಲರೂ ಒಟ್ಟಿಗೆ ಹೋಗಿ ಹೇಳೋಣ," ಎಂದಳು ಮೋರಿಯಕ್ಕ. "ಒಬ್ಬಳ ಮಾತು ಲೆಕ್ಕಕ್ಕಿಲ್ಲ ಅಂದ. ಎಲ್ಲರದ್ದೂ ಗೋಡೆ ಮೇಲಿತ್ತು ಅಂದ್ರೆ ಏನು ಮಾಡ್ತಾನೆ?"

"ಏನು ಮಾಡ್ತಾನೆ? ಎಲ್ಲರನ್ನೂ ಓಡಿಸ್ತಾನೆ," ಬೊಚ್ಚಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳು ಗುಂಪಿನಲ್ಲಿ ಹಿರಿಯಳು. ಮುಂದಿನ ಹಲ್ಲು ಒಂದೂ ಇಲ್ಲ. ಕಿವಿ ಚೆನ್ನಾಗಿಯೇ ಇತ್ತು, ಆದರೆ ಮೇಸ್ತ್ರಿ ಕರೆದಾಗ ಮಾತ್ರ ಕೇಳಿಸುತ್ತಿರಲಿಲ್ಲ.

"ನಿನ್ನ ಮೊಮ್ಮಕ್ಕಳೂ ಬಸ್ಸಲ್ಲಿ ಬರ್ತಾರೆ ಬೊಚ್ಚಕ್ಕ."

"ಬರ್ತಾರೆ. ಬಂದವರಿಗೆ ಊಟ ಬೇಕು. ಅದನ್ನ ನಾನು ಮೋರಿಯಿಂದಾನೇ ತರಬೇಕು. ನಿನಗೆ ದುಡಿಯೋ ಅಳಿಯ ಇದಾನೆ, ನೀತಿ ಮಾತಾಡ್ತೀಯ. ನನ್ನ ಮಗ ಮಲಗಿದಲ್ಲೇ ಇದಾನೆ."

"ಮಕ್ಕಳಿಗೇನಾದ್ರೂ ಆದ್ರೆ?"

"ಆಗೋದು ಯಾವಾಗಲೋ. ಹಸಿವು ಇವತ್ತೇ ಆಗುತ್ತೆ ಕಣೇ!"

ಉಳಿದವರು ಮತ್ತೆ ಬುತ್ತಿಗೆ ಕೈ ಹಾಕಿದರು. ಬೊಚ್ಚಕ್ಕ ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಗುಂಪಿನಲ್ಲಿ ಕುಳ್ಳಿ ಎಂದು ಕರೆಸಿಕೊಳ್ಳುವ ಹುಡುಗಿ ಮಾತ್ರ ತುತ್ತನ್ನು ಕೈಯಲ್ಲೇ ಹಿಡಿದು ಗೋಡೆಯನ್ನು ನೋಡುತ್ತ ಕೂತಿದ್ದಳು. ಅವಳಿಗೆ ಎದೆಹಾಲು ಕುಡಿಯುವ ಕೂಸಿತ್ತು.

ಬಾಗಿಲಲ್ಲಿ ನೆರಳು ಬಿತ್ತು. ಮೇಸ್ತ್ರಿ ಯಾವಾಗಿನಿಂದ ನಿಂತಿದ್ದನೋ.

"ಯಾರಿಗೆ ಬಾಯಿ ತುರಿಸ್ತಿದೆ?" ಒಳಗೆ ಬಂದ. "ಹೇಳಿ, ಹೋಗಿ ಹೇಳಿ. ಬಿಲ್ಲೆ ತೆಗೆದಿಟ್ಟು ಸರ್ಕಾರಕ್ಕೆ ಮೋಸ ಮಾಡಿದ್ರು ಅಂತ ಮೊದಲು ನಿಮ್ಮನ್ನೇ ಒಳಗೆ ಹಾಕ್ತಾರೆ. ಮೊಳೆ ಹೊಡೆದವರು ಯಾರು? ನೀವೇ. ಕೈ ಯಾರದ್ದು? ನಿಮ್ಮದೇ. ನಾನಿಲ್ಲಿ ಇರಲೇ ಇಲ್ಲ."

ಹೆಂಗಸರು ಬುತ್ತಿ ಮುಚ್ಚಿದರು. ಒಬ್ಬೊಬ್ಬರಾಗಿ ಎದ್ದು ಮೋರಿಗೆ ಇಳಿದರು. ಬಿಲ್ಲೆಗಳು ಇದ್ದಲ್ಲೇ ಇದ್ದವು. ಅವತ್ತು ಮೋರಿಯಕ್ಕನದೂ ಅಲ್ಲೇ ಇತ್ತು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಸಂಜೆ ಅವಳು ಮಗಳೆದುರು ಎಲ್ಲವನ್ನೂ ಹೇಳಿದಳು. ಮಗಳು ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಮೊದಲು ನಂಬಲಿಲ್ಲ. ಆಮೇಲೆ ಸಿಟ್ಟು ಬಂತು.

"ಈಗ ನೆನಪಾಯ್ತಾ ನಿಂಗೆ? ಶಿಬಿರ ಮುಚ್ಚೋವಾಗ?"

"ಹೇಳೋಕೆ ಬಾಯಿ ಬರಲಿಲ್ಲ ಮಗಾ."

"ಎರಡು ವರ್ಷ ದಿನಾ ಹೋಗಿ ಬರ್ತಿದೀಯ. ಒಂದು ದಿನ ತಲೆನೋವು ಅಂತ ಮಲಗಿಲ್ಲ. ನಿಂಗೇನಾಗಿದೆ ಹೇಳು?"

ಮೋರಿಯಕ್ಕ ತನ್ನ ಕೈ ನೋಡಿಕೊಂಡಳು. ಉಜ್ಜಿ ಉಜ್ಜಿ ಚರ್ಮ ಸವೆದ ಕೈ. "ಗೊತ್ತಿಲ್ಲ," ಎಂದಳು. "ನಂಗೆ ಎಷ್ಟು ತಾಗಿದೆಯೋ ನಂಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಅದನ್ನ ಎಣಿಸೋ ಸಾಮಾನು ಗೋಡೆ ಮೇಲಿತ್ತು."

"ನಂಗೊಂದು ಗೊತ್ತು," ಮಗಳು ಚೀಲದ ಬಾಯಿ ಬಿಗಿದಳು. "ಇಲ್ಲಿ ನಾನು ಮನುಷ್ಯಳಲ್ಲ. ಶಿಬಿರಕ್ಕೆ ಬೀಗ ಬಿದ್ದ ಮೇಲೆ ಬೀದೀಲಿ ಹೆರಲಾ? ನಾನು ಹೋಗ್ತೀನಮ್ಮ. ನೀನು ಏನು ಹೇಳಿದ್ರೂ ಹೋಗ್ತೀನಿ."

ತಾಯಿ ಮಗಳ ನಡುವೆ ಆ ಸಂಜೆ ಬಿದ್ದ ಮೌನ, ಊರಿಗೆ ಹೊರಡುವ ದಿನದವರೆಗೂ ಮುರಿಯಲಿಲ್ಲ.

*

ಮರಳುವ ದಿನ ಬಂತು. ಊರ ಬಾಗಿಲಲ್ಲಿ, ಗುಡ್ಡದ ಬುಡಕ್ಕೆ ತಿರುಗುವ ರಸ್ತೆಯ ಪಕ್ಕ ಶಾಮಿಯಾನ ಹಾಕಿದ್ದರು. ಅದರ ಕೆಳಗೆ ಹೊರಗಿನಿಂದ ತಂದ ಹೊಸ ಜಲ್ಲಿ ದಪ್ಪಗೆ ಹಾಸಿದ್ದರು. ಬೇರೆಲ್ಲೂ ಹಾಸಿರಲಿಲ್ಲ.

ಪಂಪುಮನೆಯಲ್ಲಿ ಮೇಸ್ತ್ರಿ ಎಲ್ಲರಿಗೂ ಹೊಸ ಕೋಟು, ಹೊಸ ಗವಸು ಹಂಚಿದ. ಎರಡು ವರ್ಷ ಕೇಳಿದಾಗ ಬಾರದ ಗವಸು.

"ಇವತ್ತು ಬಿಲ್ಲೆ ಕೊರಳಲ್ಲಿರಲಿ. ಎಲ್ಲರಿಗೂ ಕಾಣೋ ಹಾಗೆ," ಎಂದ. "ದೊಡ್ಡ ಸಾಹೇಬರು ಬರ್ತಾರೆ. ಕ್ಯಾಮೆರಾದವರು ಇದಾರೆ. ಬಸ್ಸು ಬಂದಾಗ ಸಾಹೇಬರು ನಿಮ್ಮನ್ನ ಜನಕ್ಕೆ ತೋರಿಸ್ತಾರೆ. ಕೈ ಮುಗೀರಿ. ಅದಾದ್ಮೇಲೆ ಸೀದಾ ಇಲ್ಲಿಗೆ ಬಂದು ಬಿಲ್ಲೆ ನೇತುಹಾಕಿ, ಆಮೇಲೆ ಇಳೀರಿ. ಗೊತ್ತಾಯ್ತಾ? ಏಯ್ ಮೋರಿಯಕ್ಕ, ನಿಂಗೇ ಹೇಳ್ತಿರೋದು."

ಮೋರಿಯಕ್ಕ ಬಿಲ್ಲೆ ಕೊರಳಿಗೆ ಹಾಕಿಕೊಂಡಳು.

ಬಸ್ಸು ಬಂದು ನಿಂತಿತು. ಕಿಟಕಿಗಳ ತುಂಬ ಮುಖಗಳು. ಊರು ಕಂಡು ಕೆಲವರು ಅಳುತ್ತಿದ್ದರು. ಮುಂದಿನ ಸೀಟಿನಲ್ಲಿ ಮಗಳು, ಹೊಟ್ಟೆಯ ಮೇಲೆ ಚೀಲ. ತಾಯಿಯನ್ನು ಕಂಡೂ ಕಾಣದಂತೆ ಕೂತಿದ್ದಳು.

ದೊಡ್ಡ ಸಾಹೇಬ ಮೈಕು ಹಿಡಿದ. ಬಿಳಿಯ ಅಂಗಿ, ಮಿರಮಿರ ಬೂಟು. ಅಳತೆ ಡಾಕ್ಟರು ಹಿಂದೆ ನಿಂತಿದ್ದ.

"ನೋಡಿ, ಇವರೇ ನಿಮ್ಮ ಊರಿನ ಹೆಣ್ಣುಮಕ್ಕಳು!" ಎಂದು ಕೈ ಚಾಚಿದ. "ಇವರ ಕೊರಳಿನ ಬಿಲ್ಲೆಗಳೇ ಸಾಕ್ಷಿ. ಇವರಿಗೆ ಏನೂ ಆಗಿಲ್ಲ, ನಿಮಗೂ ಏನೂ ಆಗಲ್ಲ. ಬನ್ನಿ, ಇಳೀರಿ, ನಿಮ್ಮ ಮನೆ ಬೀಗದ ಕೈ ತಗೊಳ್ಳಿ."

ಹೆಂಗಸರು ಕೈ ಮುಗಿದರು. ಕ್ಯಾಮೆರಾದವನಿಗೆ ಅದು ಸಾಲಲಿಲ್ಲ. "ಸ್ವಲ್ಪ ಕೆಲಸ ಮಾಡಲಿ ಸಾರ್, ಚೆನ್ನಾಗಿ ಬರುತ್ತೆ," ಎಂದ.

"ಮಾಡಲಿ, ಮಾಡಲಿ," ಎಂದ ಸಾಹೇಬ. ಅವನಿಗೇನು ಗೊತ್ತು?

ಮೋರಿಯಕ್ಕ ಸಲಿಕೆ ಎತ್ತಿಕೊಂಡು ರಸ್ತೆ ಬದಿಯ ಮೋರಿಗೆ ಧುಮುಕಿದಳು. ಗುಡ್ಡದಿಂದ ಇಳಿದ ಕಪ್ಪು ಹೂಳು ಮೊಣಕಾಲಿಗೆ ಬಂತು. ಬಿಲ್ಲೆ ಎದೆಯ ಮೇಲೆ ಕುಣಿಯುತ್ತಿತ್ತು. ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು. ನಗುನಗುತ್ತಲೇ ಮೋರಿಯ ಅಂಚಿಗೆ ಬಂದು ಬಗ್ಗಿದ.

"ಬಿಲ್ಲೆ," ಹಲ್ಲು ಕಚ್ಚಿ ಪಿಸುಗುಟ್ಟಿದ. "ಬಿಲ್ಲೆ ತೆಗಿಯೇ."

ಮೋರಿಯಕ್ಕ ಒಂದು ಸಲಿಕೆ ಹೂಳು ಎತ್ತಿ ಅವನ ಕಾಲ ಬಳಿ ಹಾಕಿದಳು. ಅವನು ಹಾರಿ ಹಿಂದಕ್ಕೆ ಸರಿದ. ಉಳಿದವರ ಕಡೆ ತಿರುಗಿ ಬೊಚ್ಚಕ್ಕನ ಕಿವಿಯಲ್ಲಿ ಉಸುರಿದ. "ನೀವಾದ್ರೂ ಹೋಗಿ ತೆಗೆದಿಟ್ಟು ಬನ್ನಿ. ಬೇಗ."

ಬೊಚ್ಚಕ್ಕ ಅಲ್ಲಾಡಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಅವಳ ಮೊಮ್ಮಕ್ಕಳು ಅಜ್ಜಿಗೆ ಕೈ ಬೀಸುತ್ತಿದ್ದರು. ಕಿರಿಯದು ಅರ್ಧ ಮೈ ಹೊರಗೆ ಹಾಕಿತ್ತು. ಬೊಚ್ಚಕ್ಕ ಅದನ್ನೇ ನೋಡಿದಳು. ಆಮೇಲೆ ಕಿವಿಗೆ ಕೈ ಅಡ್ಡ ಇಟ್ಟಳು.

"ಏನು ಮೇಸ್ತ್ರಿ? ಕೇಳಿಸ್ಲಿಲ್ಲ."

"ಮೆಲ್ಲಗೆ!"

"ಏನು, ಬಿಲ್ಲೆ ತೆಗೀಬೇಕಾ?" ಆ ಬೋಳು ಬಾಯಿಯಿಂದ ಅಂಥ ದನಿ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಮೈಕು ಬೇಕಿರಲಿಲ್ಲ. "ದಿನಾ ತೆಗೆಯೋ ಹಾಗೇನಾ? ಎರಡು ವರ್ಷದಿಂದ ಹಾಕ್ತಿದೀವಲ್ಲ, ಆ ಪಂಪುಮನೆ ಮೊಳೇಗೇನಾ? ಜೋರಾಗಿ ಹೇಳಪ್ಪ, ಮುದುಕಿ, ಕಿವಿ ಮಂದ!"

ಬಸ್ಸಿನಲ್ಲಿ ಯಾರೋ ನಕ್ಕರು. ನಗು ಅರ್ಧಕ್ಕೇ ನಿಂತಿತು. ಡಾಕ್ಟರ ಮುಖದ ನಗು ಕೊನೆಗೂ ಇಳಿದಿತ್ತು. ಬೊಚ್ಚಕ್ಕ ಬಿಲ್ಲೆಯನ್ನು ಕೋಟಿನ ಮೇಲೆ ಸರಿಮಾಡಿಕೊಂಡು, "ಹಾಳಾಗಿ ಹೋಗ್ಲಿ ಕೆಲಸ," ಎಂದು ಗೊಣಗಿ ಮೋರಿಗೆ ಇಳಿದಳು. ಅವಳ ಹಿಂದೆ ಕುಳ್ಳಿ ಇಳಿದಳು. ಉಳಿದವರೂ ಇಳಿದರು. ಎಲ್ಲರ ಎದೆಯ ಮೇಲೂ ಬಿಲ್ಲೆ. ತಿಂಗಳೊಪ್ಪತ್ತಿನಲ್ಲಿ ಎಲ್ಲರ ಅನ್ನಕ್ಕೂ ಕಲ್ಲು ಬೀಳುವುದು ಖಾತ್ರಿ. ಅದು ಇಳಿದವರಿಗೆಲ್ಲ ಗೊತ್ತಿತ್ತು.

ದೊಡ್ಡ ಸಾಹೇಬ ಸುಲಭಕ್ಕೆ ಬಗ್ಗುವವನಲ್ಲ.

"ಅದೆಲ್ಲ ಆಮೇಲೆ ವಿಚಾರಣೆ ಮಾಡೋಣ," ಮೈಕಿನಲ್ಲಿ ಗುಡುಗಿದ. "ಊರು ಚೊಕ್ಕಟವಾಗಿದೆ, ಅದರಲ್ಲಿ ಅನುಮಾನ ಬೇಡ. ಶಿಬಿರಕ್ಕೆ ಬೀಗ ಬಿದ್ದಿದೆ, ವಾಪಸ್ ಹೋಗೋಕೆ ಜಾಗ ಇಲ್ಲ. ಇಳೀರಿ. ಮೊದಲನೇ ಮನೆಯವರು ಯಾರು? ಗುಡ್ಡದ ಬುಡದ್ದು?"

ಮೊದಲನೇ ಮನೆ ಮಗಳದು. ಅವಳು ಎದ್ದು ನಿಂತಳು. ಬಾಗಿಲಿಗೆ ಬಂದಳು. ಒಂದು ಕೈ ಕಂಬಿಯ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ. ಮೆಟ್ಟಿಲ ಮೇಲೆ ಕಾಲಿಟ್ಟಳು. ಸಾಹೇಬ ಬೀಗದ ಕೈ ಮುಂದೆ ಹಿಡಿದ. ಅವಳ ಹಿಂದೆ ಇಡೀ ಬಸ್ಸು ಎದ್ದು ನಿಂತಿತ್ತು. ಇವಳು ಇಳಿದರೆ ಅವರೂ ಇಳಿಯುತ್ತಾರೆ.

"ಇಳೀಬೇಡ!" ಎಂದು ಕಿರುಚಿ ಮೋರಿಯಕ್ಕ ಮೇಲೆ ಹತ್ತಲು ಹೋದಳು. ಬೂಟು ಹೂಳಿನಲ್ಲಿ ಹೂತುಕೊಂಡಿತ್ತು. ಕಾಲು ಬರಲಿಲ್ಲ. ಮುಗ್ಗರಿಸಿ ಮುಂದಕ್ಕೆ ಬಿದ್ದಳು. ಮುಖ, ಕೂದಲು, ಎದೆ, ಎಲ್ಲ ಕೆಸರಾಯಿತು. ಬಾಯಿಗೆ ಕಟ್ಟಿದ್ದ ಬಟ್ಟೆ ಕಳಚಿತು.

ಮಗಳು ನೋಡಿದಳು. ತಾಯಿಯನ್ನು ಆ ಸ್ಥಿತಿಯಲ್ಲಿ ಅವಳು ಎಂದೂ ನೋಡಿರಲಿಲ್ಲ. ಚೀಲ ಬಿತ್ತು. ಸಿಟ್ಟೂ ಬಿತ್ತು. "ಅಮ್ಮಾ!" ಎಂದು ಬಸ್ಸಿಳಿದು, ಬೀಗದ ಕೈ ಹಿಡಿದವನನ್ನು ದಾಟಿ, ಭಾರದ ಹೊಟ್ಟೆ ಹೊತ್ತು ಮೋರಿಯ ಅಂಚಿಗೆ ಓಡಿ ಬಂದಳು. ಬಗ್ಗಿ ಎರಡೂ ಕೈ ಚಾಚಿದಳು. ಎಂಥ ಜಗಳವಿದ್ದರೂ ತಾಯಿ ಬಿದ್ದಾಗ ಮಕ್ಕಳು ಇದನ್ನೇ ಮಾಡುವುದು.

"ಹತ್ತಿರ ಬರಬೇಡ!"

ಮೋರಿಯಕ್ಕ ತೆವಳಿಕೊಂಡು ಹಿಂದಕ್ಕೆ ಸರಿದಳು. ಆಚೆಯ ಗೋಡೆಗೆ ಬೆನ್ನು ತಾಗುವವರೆಗೂ ಸರಿದಳು. ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು.

"ಮುಟ್ಟಬೇಡ ನನ್ನ! ದಮ್ಮಯ್ಯ ಅಂತೀನಿ, ನನ್ನ ಮುಟ್ಟಬೇಡ. ಹೊಟ್ಟೇಲಿ ಮಗು ಇದೆ. ಹೋಗು ಮಗಾ, ಬಸ್ ಹತ್ತು. ಹೋಗು!"

ಮಗಳ ಕೈಗಳು ಗಾಳಿಯಲ್ಲಿ ನಿಂತವು.

ಬಸ್ಸಿಗೆ ಬಸ್ಸೇ ಅದನ್ನು ಕೇಳಿತು. ಲೆಕ್ಕ, ಗೆರೆ, ಬಿಲ್ಲೆ, ಯಾರ ಮಾತು ನಿಜ ಎಂಬ ಗೊಂದಲ ಅಲ್ಲಿಗೆ ಮುಗಿಯಿತು. ಹೆತ್ತವಳು ಬಸುರಿ ಮಗಳಿಗೆ ಮುಟ್ಟಬೇಡ ಎನ್ನುತ್ತಿದ್ದಳು. ಆ ಮಣ್ಣಲ್ಲಿ ಏನಿದೆ ಎಂದು ಇನ್ನು ಯಾವ ಡಾಕ್ಟರೂ ಬಿಡಿಸಿ ಹೇಳಬೇಕಿರಲಿಲ್ಲ. ಮೆಟ್ಟಿಲಿಗೆ ಬಂದಿದ್ದ ಗಂಡಸೊಬ್ಬ ಇಳಿಸಿದ ಕಾಲನ್ನು ಮೇಲಕ್ಕೆ ಎಳೆದು ಒಳಗೆ ಸರಿದ.

"ಆಯಮ್ಮಂಗೆ ತಲೆ ಕೆಟ್ಟಿದೆ," ಸಾಹೇಬನ ದನಿ ಒಡೆಯಿತು. "ಬರೀ ಮಣ್ಣು ಅದು! ಬರೀ ಮಣ್ಣು!"

ಮೋರಿಯಕ್ಕ ಎದ್ದು ನಿಂತಳು. ಕಣ್ಣಿಗೆ ಇಳಿಯುತ್ತಿದ್ದ ಕೆಸರನ್ನು ಒರೆಸಲಿಲ್ಲ. ಮಗಳಿಂದ ದೂರ, ಸಾಹೇಬ ನಿಂತ ಕಡೆ ಮೋರಿಯೊಳಗೇ ಕಾಲೆಳೆದುಕೊಂಡು ಹೋದಳು. ಗವಸು ಕಿತ್ತೆಸೆದಳು. ಕೈ ಮೇಲಕ್ಕೆ ಚಾಚಿದಳು.

"ಬರೀ ಮಣ್ಣಲ್ವಾ ಸಾಹೇಬ್ರೆ? ಹಾಗಾದ್ರೆ ಕೈ ಕೊಡಿ. ನಾನು ಮೇಲೆ ಹತ್ತಬೇಕು."

ಕ್ಯಾಮೆರಾ ಇನ್ನೂ ಓಡುತ್ತಿತ್ತು. ಸಾಹೇಬ ಆ ಕೈ ನೋಡಿದ. ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ಬೇರೆಲ್ಲೋ ನೋಡಿದ. ಡಾಕ್ಟರು ಆಗಲೇ ಶಾಮಿಯಾನದ ಕೆಳಗೆ ಸೇರಿಕೊಂಡಿದ್ದ.

"ಕೊಡಿ ಸ್ವಾಮಿ. ಹುಟ್ಟೋ ಮಕ್ಕಳು ಇದರಲ್ಲೇ ಅಂಬೆಗಾಲಿಡಬೇಕು ಅಂತೀರಿ. ನಿಮ್ಮದೊಂದು ಕೈ."

ಸಾಹೇಬ ಒಂದು ಹೆಜ್ಜೆ ಹಿಂದಕ್ಕಿಟ್ಟ. ಆಮೇಲೆ ಇನ್ನೊಂದು. ಅವನ ಮಿರಮಿರ ಬೂಟು ಹೊಸ ಜಲ್ಲಿಯ ಮೇಲೆ ಹೋಗಿ ನಿಂತಿತು.

ಬಸ್ಸಿನಲ್ಲಿ ಎದ್ದು ನಿಂತಿದ್ದವರು ಒಬ್ಬೊಬ್ಬರಾಗಿ ಕೂತರು. ಬೊಚ್ಚಕ್ಕನ ಕಿರಿಯ ಮೊಮ್ಮಗುವನ್ನು ಯಾರೋ ಒಳಗೆಳೆದು ಕಿಟಕಿಯ ಗಾಜು ಮುಚ್ಚಿದರು. ನೋಡನೋಡುತ್ತ ಎಲ್ಲ ಗಾಜುಗಳೂ ಮುಚ್ಚಿಕೊಂಡವು.

"ಎಲ್ಲಿಗೆ ಹೋಗ್ತೀರಿ?" ಸಾಹೇಬ ಬಸ್ಸಿನತ್ತ ಅರಚಿದ. "ಶಿಬಿರಕ್ಕೆ ಬೀಗ ಹಾಕಿದೆ!"

"ಹಾಕಿದವರು ತೆಗೀತಾರೆ," ಮೋರಿಯೊಳಗಿನಿಂದ ಬೊಚ್ಚಕ್ಕ ಹೇಳಿದಳು. "ತೆಗೀಲಿಲ್ಲ ಅಂದ್ರೆ ನಮ್ಮ ಹತ್ರ ಸಲಿಕೆ ಇದೆ."

ಮಗಳು ಇನ್ನೂ ರಸ್ತೆಯಲ್ಲೇ ಇದ್ದಳು. ತಾಯಿಯತ್ತ ಒಂದು ಹೆಜ್ಜೆ ಇಟ್ಟಳು. ಮೋರಿಯಕ್ಕ ತಲೆಯಾಡಿಸಿದಳು, ಬೇಡ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಕೆಸರಿನ ಕೈಯಿಂದ ಅದನ್ನು ಒರೆಸಿಕೊಳ್ಳುವಂತಿರಲಿಲ್ಲ. ಮಗಳು ಬಹಳ ಹೊತ್ತು ನೋಡಿದಳು. ತಿರುಗಿ ನಡೆದಳು. ಕಂಬಿ ಹಿಡಿದು ಬಸ್ಸು ಹತ್ತಿದಳು. ಡ್ರೈವರ್ ಯಾರ ಅಪ್ಪಣೆ ಕೇಳಬೇಕೆಂದು ತಿಳಿಯದೆ ಸಾಹೇಬನನ್ನೂ ಜನರನ್ನೂ ನೋಡುತ್ತ ಕೂತಿದ್ದ.

"ಹೊರಡಣ್ಣ," ಎಂದಳು ಮಗಳು. ಬಾಗಿಲನ್ನು ಒಳಗಿನಿಂದ ಅವಳೇ ಎಳೆದು ಹಾಕಿದಳು.